ಬಡಿಯುವ ಪೈಪು, ತುಂಬಿದ ಗುಡಾಣ

ನಮ್ಮ ಮನೆಯ ನೀರಿನ ಪೈಪು ಬಡಿದುಕೊಂಡ ಹಾಗೆ ಇಡೀ ಜೋಹೋರ್ ರಾಜ್ಯದಲ್ಲಿ ಇನ್ನಾರ ಮನೆಯ ಪೈಪೂ ಬಡಿದುಕೊಂಡಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಆ ಸದ್ದಿಗೆ ನಮ್ಮೂರು ಮುವಾರಿನ ನದಿಯ ಆಚೆ ದಡದ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಎದುರುಮನೆಯ ಮುದುಕನಿಗೆ ಮೂವತ್ತು ವರ್ಷದ ಕಿವುಡು ಬಿಟ್ಟುಹೋಗಿ, ಮೊದಲ ಸಲ ಹೆಂಡತಿಯ ಮಾತು ಕೇಳಿಸಿಕೊಂಡ. ಮರುದಿನವೇ ಡಾಕ್ಟರ ಹತ್ತಿರ ಹೋಗಿ ಹಳೆಯ ಕಿವುಡನ್ನು ವಾಪಸು ಕೊಡಿ ಎಂದು ಗೋಗರೆದ. ನಂಬದವರು ಅವನನ್ನೇ ಕೇಳಬಹುದು. ಅವನಿಗೆ ಕೇಳಿಸುವುದಿಲ್ಲ, ಅಷ್ಟೆ.

ಮನೆಯಲ್ಲಿ ನಾವು ಐದು ಜನ. ನನ್ನ ಅಕ್ಕ ರೊಗಾಯಾಗೆ ಎಪ್ಪತ್ತೊಂದು ವರ್ಷ. ಮನೆಮಂದಿಗೆಲ್ಲ ಅವಳು ಮಾಕ್, ಅಂದರೆ ಅಮ್ಮ; ಮೊಮ್ಮಗಳಿಗೆ ಮಾತ್ರ ನೆನೆಕ್, ಅಜ್ಜಿ. ಅವಳ ಮಗ ಮಜ್ಲಾನ್ ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿ ಪಾಲಿಶ್ ಮೇಸ್ತ್ರಿ. ಅವನ ಹೆಂಡತಿ ಸುಹೈಲಾ ಆಸ್ಪತ್ರೆಯ ಎಳೆಕೂಸುಗಳ ವಾರ್ಡಿನಲ್ಲಿ ನರ್ಸು. ದೂರದ ಕೆಲಾಂತಾನಿನ ಹೆಣ್ಣು. ಅವರ ಮಗಳು ಇರ್ದಿನಾಗೆ ಹದಿನಾರು ವರ್ಷ, ಅವಳ ನಾಲಿಗೆಗೆ ಅರವತ್ತು. ಐದನೆಯವನು ನಾನು, ದೊಲ್ಲಾ. ಅಕ್ಕನ ಮಕ್ಕಳಿಗೆ ಪಾಕ್ ಸು, ಅಂದರೆ ಕಿರಿಯ ಮಾಮ; ಮೊಮ್ಮಕ್ಕಳಿಗೆ ತೋಕ್ ಸು, ಕಿರಿಯ ಅಜ್ಜ. ಮೂವತ್ತೆಂಟು ವರ್ಷ ನದಿಯಲ್ಲಿ ಹಡಗು ಎಳೆಯುವ ಟಗ್ ದೋಣಿಯಲ್ಲಿ ಎಂಜಿನ್ ನೋಡಿಕೊಂಡವನು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಕಬ್ಬಿಣದ ಒಳಗಿನ ಕಾಯಿಲೆಯೆಲ್ಲ ನನಗೆ ಬಾಯಿಬಿಟ್ಟು ಹೇಳುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಈ ಮನೆ ನಿಂತಿರುವುದೇ ನನ್ನ ರಿಪೇರಿಯಿಂದ. ಐದು ತಿಂಗಳ ಹಿಂದೆ ಅಟ್ಟದ ಟ್ಯಾಂಕಿನೊಳಗೆ ನೀರು ತುಂಬಿದಾಗ ತೇಲಿ ವಾಲ್ವು ಮುಚ್ಚುವ ಹಿತ್ತಾಳೆ ಚೆಂಡು ಇತ್ತಲ್ಲ, ಸುಲ್ತಾನರ ಕಾಲದ್ದು, ಅದನ್ನು ಬಿಚ್ಚಿ ಹೊಸ ನೀಲಿ ಪ್ಲಾಸ್ಟಿಕ್ ಚೆಂಡು ಕೂರಿಸಿದ್ದೂ ನಾನೇ. ಯಾರೂ ಕೇಳಿರಲಿಲ್ಲ. ಕೇಳುವ ತನಕ ಕಾಯುವವನು ಕುಶಲಿಯೇ ಅಲ್ಲ.

ಸದ್ದು ಶುರುವಾದದ್ದು ಒಂದು ಸೋಮವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ. ಆಮೇಲೆ ಹೆಚ್ಚುಕಡಿಮೆ ದಿನವೂ ಬಂತು. ಮಜ್ಲಾನ್ ಕೆಲಸಕ್ಕೆ, ಇರ್ದಿನಾ ಶಾಲೆಗೆ ಹೋಗಿ ಮನೆ ತಣ್ಣಗಾಗುವುದನ್ನೇ ಕಾದು ಕೂತಂತೆ ಅಟ್ಟದಲ್ಲಿ ಟಕ್, ಟಕ್, ಆಮೇಲೆ ಢಕ್ ಢಕ್ ಢಕ್. ಸುಹೈಲಾ ಮಲಗುವುದೂ ಆಗಲೇ. ಮೂರು ತಿಂಗಳಿಂದ ಅವಳಿಗೆ ರಾತ್ರಿ ಪಾಳಿ. ಎಂಟಕ್ಕೆ ಮನೆಗೆ ಬಂದು, ಉಂಡು, ಒಂಬತ್ತಕ್ಕೆ ದಿಂಬಿಗೆ ತಲೆ ಕೊಟ್ಟರೆ ಮೂರಕ್ಕೆ ಏಳಬೇಕು. ಅವಳ ದಿಂಬಿನ ನೆತ್ತಿಯ ಮೇಲೇ ಪೈಪು.

ಮೊದಲ ವಾರ ಅವಳು ಏನೂ ಹೇಳಲಿಲ್ಲ. ಎರಡನೆಯ ವಾರದ ಗುರುವಾರ ಬೆಳಿಗ್ಗೆ, ನಾನು ಕಟ್ಟಿಸಿಕೊಂಡು ಬಂದ ಸುಟ್ಟ ಮಾಂಸದ ಸಾತೇ ಕಡ್ಡಿಗಳನ್ನು ಎಲ್ಲರೂ ಕಡಲೆಕಾಯಿ ಗೊಜ್ಜಿಗೆ ಅದ್ದುತ್ತಿದ್ದಾಗ, ಸಮವಸ್ತ್ರದಲ್ಲೇ ಬಂದು ನಿಂತಳು.

"ಅಬಾಂಗ್," ಎಂದಳು ಗಂಡನಿಗೆ. "ನಿನ್ನೆ ರಾತ್ರಿ ತಪ್ಪು ಮಾಡಿದೆ."

ಮಜ್ಲಾನ್ ಕಡ್ಡಿ ಕೆಳಗಿಟ್ಟ. "ಏನಾಯ್ತು?"

"ಒಂದು ಕೂಸಿನ ಔಷಧಿ ಲೆಕ್ಕ ಇನ್ನೊಂದು ಕೂಸಿನ ಚೀಟೀಲಿ ಬರೆದೆ. ಕೊಡೋ ಮೊದಲು ನಾನೇ ನೋಡಿದೆ. ಕೊಟ್ಟಿಲ್ಲ. ಆದ್ರೆ ಮೇಟ್ರನ್‌ಗೆ ಹೇಳ್ಲೇಬೇಕಿತ್ತು, ಹೇಳ್ದೆ."

"ಏನಂದ್ರು?"

"ಆರು ವಾರ ನೋಡ್ತೀನಿ ಅಂದ್ರು. ಇನ್ನೊಂದು ತಪ್ಪಾದ್ರೆ ಕೂಸುಗಳ ವಾರ್ಡ್ ಬಿಡಬೇಕು, ಚೀಟಿ ಕೊಡೋ ಕಿಟಕೀಲಿ ಕೂರಬೇಕು."

ಆ ವಾರ್ಡಿಗೆ ಸೇರಲು ಅವಳು ಹನ್ನೊಂದು ವರ್ಷ ಕಾದಿದ್ದಳು. ಅಂಗೈಯಗಲದ ಕೂಸುಗಳನ್ನು ಎತ್ತಿಕೊಳ್ಳುವ ಕೈ ಅವಳದು. ಇದರಲ್ಲಿ ನಾನು ಒಂದು ಕಾಳಿನಷ್ಟೂ ಸೇರಿಸಿಲ್ಲ.

ಮಾಕ್ ಕಾಫಿ ಬಗ್ಗಿಸುತ್ತ ತಲೆ ಎತ್ತದೆ ಹೇಳಿದಳು: "ಚೀಟಿ ಕೊಡೋದು ಹಗಲು ಕೆಲಸ ತಾನೆ? ಒಳ್ಳೇದೇ ಆಯ್ತು. ಮನುಷ್ಯರ ಹಾಗೆ ರಾತ್ರಿ ಮಲಗಬಹುದು."

"ಮಾಕ್, ನಾನು ಮಲಗ್ತಿರೋದು ಹೆಚ್ಚಿನ ದಿನ ಎರಡೇ ಗಂಟೆ."

"ಪಾಪ. ನಾನು ಮಜ್ಲಾನನ್ನ ಹೆತ್ತು ಒಂದು ವರ್ಷ ಮಲಗ್ಲಿಲ್ಲ. ಯಾವ ಮೇಟ್ರನ್ ಬಂದು ಕೇಳಿದ್ಲು ನನ್ನ?"

"ನೀವು ಬೇರೆಯವರ ಕೂಸಿಗೆ ಸೂಜಿ ಚುಚ್ಚುತ್ತಿರಲಿಲ್ಲ."

"ಮಾತು ನೋಡು ದೊಲ್ಲಾ, ಮಾತು ನೋಡು. ಬುಡು ತಿನ್ನೋ ಬಾಯಿ."

ಬುಡು ಎಂದರೆ ಕೆಲಾಂತಾನಿನವರ, ಹುಳಿ ಬರಿಸಿದ ಮೀನಿನ ರಸ. ಸುಹೈಲಾಗೆ ಅದಿಲ್ಲದೆ ಅನ್ನ ಇಳಿಯದು. ಅದರ ಬಾಟಲಿಯನ್ನು ಮಾಕ್ ಹದಿನೇಳು ವರ್ಷದಿಂದ ಅಡುಗೆಮನೆಯ ಹೊರಗಿನ ಕಿಟಕಿ ಕಟ್ಟೆಯಲ್ಲೇ ಇರಿಸಿದ್ದಾಳೆ.

ನಾನು ಎದ್ದು ನಿಂತೆ. "ಇವತ್ತು ಸಾಯಂಕಾಲದೊಳಗೆ ಆ ಪೈಪಿನ ಬಾಯಿ ಕಟ್ಟಿಸ್ತೀನಿ. ಸಮುದ್ರದ ಮಧ್ಯೆ ನಿಂತೋದ ಎಂಜಿನ್ನನ್ನ ಚಹಾ ಸೋಸೋ ಬಟ್ಟೆ ಇಟ್ಟು ಓಡಿಸಿದವನು ನಾನು."

"ಹೋದ ಸಲ ಅದು ಕಾಲುಚೀಲ ಆಗಿತ್ತು, ತೋಕ್ ಸು," ಎಂದಳು ಇರ್ದಿನಾ.

ಅಂದು ಅಟ್ಟಕ್ಕೆ ಹತ್ತಿ ಪೈಪಿಗೂ ತೊಲೆಗೂ ನಡುವೆ ನನ್ನ ನಾಲ್ಕು ಹಳೆಯ ಲುಂಗಿಗಳನ್ನು ತುರುಕಿದೆ. ಮರುದಿನ ಪೈಪು ಲುಂಗಿಯೊಳಗಿಂದಲೇ ಬಡಿಯಿತು, ಹೊದಿಕೆಯೊಳಗಿನ ಕೆಮ್ಮಿನಂತೆ. ಶನಿವಾರ ಮನೆಯ ನಲ್ಲಿಗಳ ವಾಷರುಗಳನ್ನೆಲ್ಲ ಬದಲಾಯಿಸಿದೆ. ಭಾನುವಾರ ಬೆಳಿಗ್ಗೆ ಮತ್ತೆ ಬಡಿಯಿತು. ಅಂದೇ ಪೈಪುಗಳ ನೀರನ್ನೆಲ್ಲ ಬಸಿದು, ಒಳಗೆ ಗಾಳಿ ಸೇರಲಿ, ನೀರಿನ ಪೆಟ್ಟಿಗೆ ಮೆತ್ತೆಯಾಗಲಿ ಎಂದು ಮತ್ತೆ ತುಂಬಿಸಿದೆ. ಆ ಗಲಾಟೆಯಲ್ಲಿ ಸ್ನಾನದ ಮನೆಯಿಂದ ಹೊರಟ ಪ್ರವಾಹದಲ್ಲಿ ಮಾಕ್‌ನ ಚಪ್ಪಲಿ ಮಲಾಕ್ಕಾ ಜಲಸಂಧಿ ದಾಟಿ ಸುಮಾತ್ರಾ ಸೇರಿತು. ಸೋಮವಾರ ಒಂಬತ್ತಕ್ಕೆ ಪೈಪು ಮೊದಲಿಗಿಂತ ಹುರುಪಿನಲ್ಲಿ ಬಡಿಯಿತು.

ಹಾರ್ಡ್‌ವೇರ್ ಅಂಗಡಿಯ ಗಾನ್ ಮುದುಕ ಕನ್ನಡಕದ ಮೇಲಿಂದ ನೋಡಿದ.

"ನೀರು ಬಿಟ್ಟಾಗ ಬಡಿಯತ್ತಾ, ನಿಲ್ಲಿಸಿದಾಗಲಾ?"

"ಯಾರೂ ಏನೂ ಮಾಡದೆ ಇದ್ದಾಗ."

"ಯಾರೂ ಮಾಡದೆ ಇದ್ರೆ ಪೈಪ್ ಬಡಿಯಲ್ಲ ದೊಲ್ಲಾ. ಎಲ್ಲೋ ಒಂದು ಕಡೆ ನೀರು ಸಣ್ಣಗೆ ಹೋಗ್ತಿದೆ. ಟ್ಯಾಂಕಿನ ಚೆಂಡು ಯಾವಾಗ ಬದಲಾಯಿಸಿದ್ರಿ? ಪ್ಲಾಸ್ಟಿಕ್ ಹಾಕಿದ್ರೆ ಹಗುರ, ನಡುಗತ್ತೆ. ನಡುಗಿದ್ರೆ ವಾಲ್ವು ಬಡ್ಕೊಳ್ಳತ್ತೆ."

"ಹತ್ತು ವರ್ಷದಿಂದ ಯಾರೂ ಮುಟ್ಟಿಲ್ಲ. ಹಿತ್ತಾಳೆ," ಎಂದೆ.

ಅಂಗಡಿಯಲ್ಲಿ ನಾಲ್ಕು ಜನ ನಿಂತಿದ್ದರು. ನಾಲ್ಕು ಜನರೆದುರು ಮುವಾರಿನ ಅತಿ ದೊಡ್ಡ ಮೆಕ್ಯಾನಿಕ್ಕು ಇನ್ನೇನು ಹೇಳಬೇಕಿತ್ತು? ಎರಡು ರಿಂಗಿಟ್ಟಿನ ಪೈಪ್ ಕ್ಲಿಪ್ಪು ಕೊಂಡು ಮನೆಗೆ ಬಂದೆ.

ಮೂರನೆಯ ವಾರ ಸುಹೈಲಾ ನಮ್ಮನ್ನು ಯಾರನ್ನೂ ಕೇಳದೆ ಒಂದು ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಆಸ್ಪತ್ರೆಯಲ್ಲಿ ಕೂಸಿನ ತೊಟ್ಟಿಲಿಗೆ ತೂಗುಹಾಕುವಂಥ ಹಾಳೆ. ಎಡಕ್ಕೆ ಗಂಟೆಗಳು, ಮೇಲೆ ವಾರಗಳು.

"ಇದೇನು, ಪೈಪಿಗೆ ಜ್ವರ ನೋಡ್ತೀಯಾ?" ಎಂದು ಮಾಕ್ ಮೂದಲಿಸಿದಳು.

"ಹೌದು ಮಾಕ್. ಕಾಯಿಲೆ ಯಾವಾಗ ಬರತ್ತೆ, ಯಾವಾಗ ಬಿಡತ್ತೆ ಅಂತ ಬರೆದ್ರೆ ಯಾಕೆ ಬರತ್ತೆ ಅಂತ ಗೊತ್ತಾಗತ್ತೆ."

"ಬರೀ. ನಿದ್ದೆ ಬರ್ದೆ ಇದ್ರೆ ಏನಾದ್ರೂ ಮಾಡ್ಬೇಕಲ್ಲ. ಅಡುಗೆಯಂತೂ ಇಲ್ಲ."

ಎರಡು ವಾರ ಅವಳು ಬರೆದಳು. ಮಲಗಬೇಕಾದ ಹೊತ್ತಿನಲ್ಲಿ ಮಂಚದ ಮೇಲೆ ಕೂತು, ಕೈಗಡಿಯಾರ ನೋಡಿ, ಬಡಿತವನ್ನು ಎಣಿಸಿ ಬರೆದಳು. ಕಣ್ಣಿನ ಕೆಳಗೆ ಮಸಿ ಬಳಿದಂತಾಯಿತು. ನಾಲ್ಕನೆಯ ವಾರದ ಕೊನೆಗೆ, ಭಾನುವಾರ ಮಧ್ಯಾಹ್ನ, ಐವರೂ ಒಟ್ಟಿಗೆ ಊಟಕ್ಕೆ ಕೂತೆವು. ಮಾಕ್ ಆಸಮ್ ಪೆಡಾಸ್ ಮಾಡಿದ್ದಳು. ಅವಳ ಆ ಹುಳಿಖಾರದ ಮೀನುಸಾರಿನ ಪರಿಮಳಕ್ಕೆ ಸತ್ತವರು ತಟ್ಟೆ ಹಿಡಿದು ಎದ್ದು ಬರುತ್ತಾರೆ. ಅಂದು ಬದುಕಿದ್ದವರಿಗೇ ತಿನ್ನಲಾಗಲಿಲ್ಲ.

ಸುಹೈಲಾ ಹಾಳೆಯನ್ನು ತಂದು ಅನ್ನದ ಪಾತ್ರೆಯ ಪಕ್ಕ ಇಟ್ಟಳು.

"ಎರಡು ವಾರದಲ್ಲಿ ನಾಲ್ಕು ದಿನ ಮಾತ್ರ ಸದ್ದಿಲ್ಲ. ಎರಡು ಮಂಗಳವಾರ, ಎರಡು ಶನಿವಾರ."

"ಹಂಗಾದ್ರೆ?" ಎಂದ ಮಜ್ಲಾನ್.

"ಮಂಗಳವಾರ, ಶನಿವಾರ ಬೆಳಿಗ್ಗೆ ಮಾಕ್ ಸುರಾವ್‌ಗೆ ಕುರಾನ್ ಪಾಠಕ್ಕೆ ಹೋಗ್ತಾರೆ."

ಸುರಾವ್ ಎಂದರೆ ನಮ್ಮ ಕೇರಿಯ ಪುಟ್ಟ ಮಸೀದಿ. ಇರ್ದಿನಾ ಕೂಡ ಮೀನು ಬಿಟ್ಟು ತಲೆ ಎತ್ತಿದಳು.

"ಏನು ಹೇಳ್ತಿದ್ದಾಳೆ ಇವಳು?" ಮಾಕ್ ಮಗನನ್ನು ಕೇಳಿದಳು, ಸೊಸೆ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

"ಮಾಕ್, ಅವಳು ಏನೂ..."

"ನೀವು ಮನೇಲಿ ಇದ್ದಾಗ ಪೈಪ್ ಬಡಿಯತ್ತೆ, ಇಲ್ದಾಗ ಸುಮ್ಮನಿರತ್ತೆ. ನಾನು ಹೇಳ್ತಿರೋದು ಅಷ್ಟೆ. ಹಾಳೇಲಿ ಇದೆ."

"ನಾನು ಅಟ್ಟ ಹತ್ತಿ ಸುತ್ತಿಗೇಲಿ ಬಡೀತೀನಾ? ಈ ಮಂಡಿ ಇಟ್ಕೊಂಡು?"

"ಏನು ಮಾಡ್ತೀರೋ ನನಗೆ ಗೊತ್ತಿಲ್ಲ. ಏನೋ ಮಾಡ್ತೀರಿ."

"ಸುಹೈಲಾ!" ಎಂದ ಮಜ್ಲಾನ್.

"ನನ್ನ ಮೇಲೆ ಕೂಗಬೇಡಿ ಅಬಾಂಗ್. ಇನ್ನು ಮೂರು ವಾರ ಇದೆ ನನಗೆ. ಕೈಯಲ್ಲಿ ಕೂಸು ಇದ್ದಾಗ ಕಣ್ಣು ಮುಚ್ಚಿಕೊಳ್ಳತ್ತೆ, ಗೊತ್ತಾ? ಗೋಡೆಗೆ ಒರಗಿ ನಿಂತ್ಕೋತೀನಿ, ಬಿದ್ರೂ ನಾನು ಕೆಳಗೆ ಇರ್ಲಿ, ಕೂಸು ಮೇಲೆ ಇರ್ಲಿ ಅಂತ."

ಮಾಕ್ ಕೈ ತೊಳೆಯುವ ಬಟ್ಟಲಲ್ಲಿ ಬೆರಳು ಅದ್ದಿ ಎದ್ದಳು. ಅರ್ಧ ತಿಂದ ಮೀನು ತಟ್ಟೆಯಲ್ಲೇ ಇತ್ತು. ಬಾಗಿಲ ಬಳಿ ನಿಂತು, "ಹದಿನೇಳು ವರ್ಷ ಅನ್ನ ಹಾಕಿದ್ದಕ್ಕೆ ನಾಲ್ಕು ಗೆರೆ ಎಳೆದು ಕಳ್ಳಿ ಅಂತ ಬರೆದ್ಲು," ಎಂದು ಒಳಗೆ ಹೋದಳು.

ಆಮೇಲಿನ ದಿನಗಳು ಎಂಥವೆಂದರೆ, ನಮ್ಮ ಮನೆಯ ಮುಂದೆ ಹಾದುಹೋಗುವ ಬೆಕ್ಕುಗಳು ಸುತ್ತು ಬಳಸಿ ಹೋಗುತ್ತಿದ್ದವು. ಒಲೆಯ ಮೇಲೆ ಎರಡು ಪಾತ್ರೆ. ಅತ್ತೆಯದು ಹನ್ನೊಂದಕ್ಕೆ, ಸೊಸೆಯದು ಐದಕ್ಕೆ. ಮಾಕ್ ಸೊಸೆಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದಳು, ಸೊಸೆ ಪಕ್ಕದಲ್ಲೇ ನಿಂತಿರುವಾಗ: "ದೊಲ್ಲಾ, ಬಟ್ಟೆ ಒಣಗಿದೆ ಅಂತ ಕೆಲವರಿಗೆ ಹೇಳು." ಮಜ್ಲಾನ್ ಕಾರ್ಖಾನೆಯಲ್ಲಿ ಹೆಚ್ಚಿನ ಪಾಳಿ ಕೇಳಿಕೊಂಡ. ಬುಡು ಬಾಟಲಿ ಕಿಟಕಿ ಕಟ್ಟೆಯಿಂದ ಸುಹೈಲಾಳ ಕೋಣೆಗೆ ಹೋಯಿತು. ಅವಳ ಒಂದು ಚೀಲ ಅರ್ಧ ತುಂಬಿ ಬಾಗಿಲ ಹಿಂದೆ ನಿಂತಿತು.

"ನರ್ಸ್‌ಗಳ ಹಾಸ್ಟೆಲಿನಲ್ಲಿ ಒಂದು ಹಾಸಿಗೆ ಇದೆ ಪಾಕ್ ಸು," ಎಂದಳು ನನಗೆ. "ಅಲ್ಲಿ ಪೈಪ್ ಸುಮ್ಮನಿರತ್ತಂತೆ. ನಿಮಗೆ ಇನ್ನೇನಾದ್ರೂ ಉಪಾಯ ಇದೆಯಾ?"

ನನ್ನ ಬಳಿ ಸಾವಿರ ಉಪಾಯ ಇರುತ್ತಿದ್ದವು. ಅಂದು ನಲ್ಲಿ ನೋಡುವ ನೆವ ಹೇಳಿ ಹಿತ್ತಲಿಗೆ ಹೋದೆ. ಗಾನ್ ಮುದುಕನ ಮಾತು ಬೆನ್ನ ಹಿಂದೆಯೇ ಬಂತು. ಆದರೂ ಮನಸ್ಸಿನಲ್ಲೇ ವಾದಿಸಿದೆ. ನೀಲಿ ಚೆಂಡಿನದೇ ತಪ್ಪಾಗಿದ್ದರೆ ಮಂಗಳವಾರ ಯಾಕೆ ಸುಮ್ಮನಿರುತ್ತದೆ? ಚೆಂಡಿಗೂ ಕುರಾನ್ ಪಾಠವಿದೆಯೆ?

ಆರನೆಯ ವಾರದ ಬುಧವಾರ ಎಂಟಾದರೂ ಸುಹೈಲಾ ಬರಲಿಲ್ಲ. ಒಂಬತ್ತೂ ಆಯಿತು. ಮಾಕ್ ಅಕ್ಕಿ ಆರಿಸುತ್ತ ನಾಲ್ಕು ಸಲ ಗಡಿಯಾರ ನೋಡಿದಳು. ಐದನೆಯ ಸಲ ನಾನು ನಕ್ಕಿದ್ದಕ್ಕೆ, "ಗಡಿಯಾರ ನಿಂತಿದೆಯೇನೋ ಅಂತ ನೋಡ್ದೆ," ಎಂದಳು. ಒಂಬತ್ತೂಕಾಲಿಗೆ ಗೇಟಿನ ಸದ್ದಾಯಿತು. ಸುಹೈಲಾ ಸ್ಕೂಟರನ್ನು ತಳ್ಳಿಕೊಂಡು ಬರುತ್ತಿದ್ದಳು. ಮುಂದಿನ ದೀಪ ಒಡೆದಿತ್ತು. ಎಡಗಡೆಯೆಲ್ಲ ಚರಂಡಿಯ ಕೆಸರು, ಮಂಡಿಯಿಂದ ಪಾದದವರೆಗೆ ರಕ್ತ.

"ಬಕ್ರಿ ರಸ್ತೆ ತಿರುವಿನಲ್ಲಿ," ಎಂದಳು. "ಕಣ್ಣು ಮುಚ್ಚಿದ್ದು ಗೊತ್ತಾಗ್ಲಿಲ್ಲ. ತೆರೆದಾಗ ಚರಂಡೀಲಿದ್ದೆ."

ನಾನು ಓಡಿಹೋಗಿ ಸ್ಕೂಟರು ಹಿಡಿದುಕೊಂಡೆ. ಮಾಕ್ ಅಕ್ಕಿಮೊರ ಬಿಟ್ಟು ಎದ್ದಳು. ಸೊಸೆಯ ತೋಳು ಹಿಡಿದು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂರಿಸಿದಳು.

ಆ ಮೆಟ್ಟಿಲ ಪಕ್ಕದಲ್ಲಿ ಮಾಕ್‌ನ ಗುಡಾಣವಿದೆ. ಹಳ್ಳಿಯ ಮರದ ಮನೆಯಿಂದ ಈ ಸಾಲುಮನೆಗೆ ಬರುವಾಗ ಅವಳು ತಂದದ್ದು ಅದೊಂದೇ. ಕಂದು ಮೆರುಗಿನ ಮಣ್ಣಿನ ಗುಡಾಣ. ಒಂದು ಆನೆ ಒಳಗೆ ಸ್ನಾನ ಮಾಡಿ ಹೊರಗೆ ಬರಬಹುದು. ಆನೆ ಚಿಕ್ಕದಿರಬೇಕು. ನಮ್ಮವರಲ್ಲಿ ಮನೆ ಏರುವ ಮೊದಲು ಆ ನೀರಿನಿಂದ ಕಾಲು ತೊಳೆಯುವುದು ರೂಢಿ. ಮಾಕ್ ಐದು ಹೊತ್ತಿನ ನಮಾಜಿಗೆ ವುಜೂ, ಅಂದರೆ ಕೈಕಾಲು ಮುಖದ ಶುದ್ಧಿ, ಮಾಡುವುದೂ ಅದರಿಂದಲೇ. ಅದರ ಹಿಂದೆ, ಗೋಡೆಗೆ ಟ್ಯಾಂಕಿನಿಂದ ಬರುವ ಒಂದು ನಲ್ಲಿ. ಗುಡಾಣ ಯಾವತ್ತೂ ಕಂಠಮಟ್ಟ ತುಂಬಿರುತ್ತದೆ. ಯಾರು ತುಂಬಿಸುತ್ತಾರೆ, ಯಾವಾಗ ತುಂಬಿಸುತ್ತಾರೆ ಎಂದು ನಾವು ಯಾರೂ ಇಷ್ಟು ವರ್ಷ ಕೇಳಿರಲಿಲ್ಲ.

ಮಾಕ್ ಕರಟದ ಸೌಟಿನಲ್ಲಿ ನೀರು ಮೊಗೆದು ಸೊಸೆಯ ಪಾದದ ಮೇಲೆ ಹುಯ್ದಳು. ನೋಯುವ ಮಂಡಿಯನ್ನು ಊರಿ ಕೂತು, ಕೆಸರು ತಿಕ್ಕಿದಳು, ಬೆರಳುಗಳ ಸಂದಿಯನ್ನೂ ಬಿಡದೆ.

"ಮಾಕ್, ಬೇಡ, ನಾನೇ..."

"ಸುಮ್ನಿರು. ಮೂಳೆ ಮುರಿದಿಲ್ಲ ತಾನೆ?"

"ಇಲ್ಲ."

"ನರ್ಸ್ ಹೇಳ್ತಿದ್ದೀಯೋ, ಸೊಸೆ ಹೇಳ್ತಿದ್ದೀಯೋ?"

"ನರ್ಸ್."

"ಹಾಂ. ಹಂಗಾದ್ರೆ ನಂಬ್ತೀನಿ."

ಅಷ್ಟರಲ್ಲಿ ಅಟ್ಟದಲ್ಲಿ ಶುರುವಾಯಿತು. ಟಕ್. ಟಕ್. ಢಕ್ ಢಕ್ ಢಕ್.

ಸುಹೈಲಾ ಕಣ್ಣು ಮುಚ್ಚಿ ಗುಡಾಣಕ್ಕೆ ತಲೆ ಒರಗಿಸಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಕೈ ಚಾಚಿ ಗುಡಾಣದ ಹಿಂದಿನಿಂದ ಏನನ್ನೋ ಹಿಡಿದುಕೊಂಡಳು. ಬೆರಳಗಲದ ಬಟ್ಟೆಯ ಪಟ್ಟಿ. ಒಂದು ತುದಿ ನಲ್ಲಿಯ ಬಾಯಿಗೆ ಕಟ್ಟಿತ್ತು, ಇನ್ನೊಂದು ತುದಿ ಗುಡಾಣದ ನೀರಿನೊಳಗೆ ಇಳಿಬಿಟ್ಟಿತ್ತು. ಪಟ್ಟಿಯ ಮೇಲೆ ನೀರು ಹಾವಿನಂತೆ ಸದ್ದಿಲ್ಲದೆ ಇಳಿಯುತ್ತಿತ್ತು.

ಮಾಕ್‌ನ ಕೈ ಸೊಸೆಯ ಪಾದದ ಮೇಲೆ ನಿಂತಿತು.

ಸುಹೈಲಾ ಪಟ್ಟಿಯನ್ನು ಬಿಚ್ಚಿದಳು. ಈಗ ನಲ್ಲಿಯಿಂದ ನೀರು ತೊಟ್ಟು ತೊಟ್ಟಾಗಿ ಬಿತ್ತು. ಕೈಗಡಿಯಾರವನ್ನು ಕಣ್ಣ ಮುಂದೆ ಹಿಡಿದು, ತುಟಿ ಅಲ್ಲಾಡಿಸುತ್ತ ಎಣಿಸಿದಳು. ರಾತ್ರಿಯೆಲ್ಲ ಕೂಸುಗಳ ಡ್ರಿಪ್ ಎಣಿಸುವವಳಿಗೆ ಅದು ಉಸಿರಾಟದಷ್ಟು ಸಲೀಸು.

"ನಿಮಿಷಕ್ಕೆ ತೊಂಬತ್ತು," ಎಂದಳು. ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. ಅಟ್ಟದಲ್ಲಿ ಇನ್ನೊಂದೆರಡು ಸಲ ಢಕ್ ಎಂದಿತು, ಆಮೇಲೆ ನಿಂತುಹೋಯಿತು. ಕಾದೆವು. ಮನೆಯೊಳಗಿನ ಗಡಿಯಾರದ ಸದ್ದು ಬಾಗಿಲ ತನಕ ಕೇಳಿಸಿತು. ಮತ್ತೆ ನಲ್ಲಿಯನ್ನು ಕೂದಲೆಳೆಯಷ್ಟು ತೆರೆದು, ಎಣಿಸಿ, ತೊಂಬತ್ತಕ್ಕೆ ನಿಲ್ಲಿಸಿದಳು. ಐದು ನಿಮಿಷ ಕಳೆಯುವಷ್ಟರಲ್ಲಿ ಟಕ್, ಟಕ್, ಢಕ್.

"ಮಾಕ್," ಎಂದಳು, ಮೆಲ್ಲಗೆ. "ಇದು ದಿನಾ ಹೀಗೇ ಇರತ್ತಾ?"

ಮಾಕ್ ಗೋಡೆಯ ಕಡೆ ನೋಡುತ್ತ ಹೇಳಿದಳು: "ನೀವೆಲ್ಲ ಹೋದ ಮೇಲೆ ತೆರೀತೀನಿ, ರಜಾ ದಿನ ಯಾರೂ ನೋಡ್ದೆ ಇದ್ದಾಗ. ಸಂಜೆ ಮಗ್ರಿಬ್ ಬಾಂಗಿಗೆ ಮೊದಲು ಮುಚ್ತೀನಿ. ಪಾಠಕ್ಕೆ ಹೋಗೋ ದಿನ ತೆರೆಯಲ್ಲ. ಒಂದ್ಸಲ ನಾನಿಲ್ದಾಗ ತುಂಬಿ ಹರಿದು ಪಕ್ಕದ ಮನೆಯವಳು ನೋಡಿದ್ಲು."

"ನೋಡಿದ್ರೆ ಏನು? ಯಾಕೆ ಕದ್ದುಮುಚ್ಚಿ? ಬಕೆಟ್ ಇಟ್ಟು ತುಂಬಿಸಬಹುದಲ್ಲ?"

ಅಕ್ಕ ಸೌಟನ್ನು ಗುಡಾಣದ ಅಂಚಿಗೆ ಸಿಕ್ಕಿಸಿದಳು. ಆಮೇಲೆ, "ತೊಟ್ಟು ನೀರು ಮೀಟರಿಗೆ ಕಾಣಲ್ಲ," ಎಂದಳು. "ಮುಳ್ಳು ತಿರುಗಲ್ಲ. ಅವರೇ ಹೇಳಿಕೊಟ್ಟಿದ್ದು. ಮದುವೆಯಾದ ಮೊದಲನೇ ವರ್ಷ."

ಅವರು ಎಂದರೆ ತೀರಿಹೋದ ನನ್ನ ಭಾವ. ಮೂವತ್ತು ವರ್ಷ ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ನೀರಿನ ಮೀಟರು ಓದಿ ಬರೆದುಕೊಂಡು ಬಂದ ಮನುಷ್ಯ. ಒಂದು ಲೋಟ ಚಹಾ ಕೂಡ ಯಾರ ಮನೆಯಲ್ಲೂ ಮುಟ್ಟಿದವನಲ್ಲ ಎಂದು ಊರೆಲ್ಲ ಹೊಗಳಿದ ಮನುಷ್ಯ. ಅವನ ಆ ಹೆಸರನ್ನು ಇಷ್ಟು ವರ್ಷ ಆ ಬಟ್ಟೆಪಟ್ಟಿಯ ಹಿಂದೆ ಇಟ್ಟುಕೊಂಡು ಕೂತಿದ್ದಳು ಅಕ್ಕ.

ಸಂಜೆ ಮಜ್ಲಾನನಿಗೂ ಇರ್ದಿನಾಗೂ ಗೊತ್ತಾಯಿತು. ಸುಹೈಲಾ ಹೇಳಲಿಲ್ಲ, ಮಾಕ್ ತಾನೇ ಹೇಳಿದಳು, ಚಹಾದ ಲೋಟಗಳನ್ನು ಹಂಚುತ್ತ, ಮಳೆ ಬಂತು ಎನ್ನುವಷ್ಟು ಸಾಮಾನ್ಯವಾಗಿ. ಮಜ್ಲಾನ್ ತಲೆ ತಗ್ಗಿಸಿದ. ಇರ್ದಿನಾಗೆ ತಗ್ಗಿಸಲು ಬರುವುದಿಲ್ಲ.

"ನೆನೆಕ್, ಮತ್ತೆ ಆ ನೀರಲ್ಲೇ ವುಜೂ ಮಾಡ್ತೀರಲ್ಲ? ಮೀಟರಿಗೆ ಕಾಣ್ದೆ ಇರೋ ನೀರಲ್ಲಿ?"

"ಇರ್ದಿನಾ!" ಮೂವರೂ ಒಟ್ಟಿಗೆ ಕೂಗಿದೆವು.

ಮಾಕ್ ಲೋಟ ಕೆಳಗಿಟ್ಟಳು. "ಬೈಬೇಡಿ ಅವಳನ್ನ," ಎಂದಳು. "ನಾನೂ ಕೇಳ್ಕೊಂಡಿದ್ದೀನಿ. ಉತ್ತರ ಹೇಳೋರು ಸತ್ತುಹೋಗಿದ್ರು. ತಪ್ಪು ಅಂದ್ರೆ ಅವರ ತಪ್ಪೂ ಆಗತ್ತೆ ಅಂತ ಬಿಟ್ಟುಬಿಟ್ಟೆ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಆದ್ರೆ ನಿನ್ನ ನಿದ್ದೆ ಹಾಳು ಮಾಡೋಕೆ ಅಂತ ಮಾಡ್ಲಿಲ್ಲ. ಆ ಸದ್ದಿಗೂ ಇದಕ್ಕೂ ಸಂಬಂಧ ಇದೆ ಅಂತ ನನಗೆ ಗೊತ್ತಿರ್ಲಿಲ್ಲ. ಅದನ್ನ ಹಾಳೇಲಿ ಬರೀ."

"ನಾನು ಅವತ್ತು ಅಂದದ್ದು ತಪ್ಪು ಮಾಕ್."

"ಅಂದದ್ದು ಅಂದೆ. ನಾನೇನು ಕಡಿಮೆ ಅಂದ್ನಾ?"

ಇಲ್ಲಿಗೆ ಎಲ್ಲವೂ ಮುಗಿಯಬಹುದಿತ್ತು. ನನಗೂ ಹಾಗೇ ಬೇಕಿತ್ತು. ಚಹಾ ಮುಗಿಸಿ ಮೆಲ್ಲಗೆ ಎದ್ದೆ. ಆದರೆ ಸುಹೈಲಾ ಕಾಯಿಲೆಯ ಬುಡ ಕಾಣದೆ ಬಿಡುವವಳಲ್ಲ.

"ಒಂದು ಅರ್ಥ ಆಗ್ತಿಲ್ಲ," ಎಂದಳು. "ನಲ್ಲಿ ಈ ಮನೇಲಿ ಇಪ್ಪತ್ತು ವರ್ಷದಿಂದ ತೊಟ್ಟಿಕ್ತಿದೆ. ನಾನು ಮುಂಚೆನೂ ರಾತ್ರಿ ಪಾಳಿ ಮಾಡಿದ್ದೀನಿ, ಹಗಲು ಮಲಗಿದ್ದೀನಿ. ಆಗ ಯಾಕೆ ಬಡೀಲಿಲ್ಲ?"

ಮಜ್ಲಾನ್ ಯೋಚಿಸಿದ. ಇರ್ದಿನಾ ಯೋಚಿಸಲಿಲ್ಲ, ನೇರವಾಗಿ ನನ್ನನ್ನು ನೋಡಿದಳು. "ತೋಕ್ ಸು ಅಟ್ಟದಲ್ಲಿ ಏನೋ ಹೊಸದು ಹಾಕಿದ್ರಲ್ಲ? ನೀಲಿದು?"

ನಾಲ್ಕು ಜೋಡಿ ಕಣ್ಣು ನನ್ನ ಮೇಲೆ. ನಾನು ಎಂಥೆಂಥ ಬಿರುಗಾಳಿಯನ್ನು ಮಾತಿನಲ್ಲೇ ದಾಟಿದವನು. ಚೀನಾದ ಪೈಪು ಎನ್ನಬಹುದಿತ್ತು, ಭೂಕಂಪ ಎನ್ನಬಹುದಿತ್ತು. ಸುಹೈಲಾಳ ಮಂಡಿಯ ಮೇಲಿನ ಬಿಳಿ ಪಟ್ಟಿಯಲ್ಲಿ ಕೆಂಪು ಮೂಡುತ್ತಿತ್ತು.

"ಗಾನ್ ಮೂರು ವಾರದ ಹಿಂದೆಯೇ ಹೇಳಿದ್ದ," ಎಂದೆ. "ಪ್ಲಾಸ್ಟಿಕ್ ಚೆಂಡು ಹಗುರ. ಹೊಸದ್ರಲ್ಲಿ ಬಿಗಿ ಇತ್ತು, ಕೀಲು ಸಡಿಲ ಆದ್ಮೇಲೆ ಶುರುವಾಯ್ತು. ನೀರು ತೊಟ್ಟು ತೊಟ್ಟಾಗಿ ಇಳಿದ್ರೆ ವಾಲ್ವು ಪೂರ್ತಿ ತೆರೆಯಲ್ಲ, ಪೂರ್ತಿ ಮುಚ್ಚಲ್ಲ, ನಡುಗತ್ತೆ, ಬಡಿಯತ್ತೆ. ಮನೇಲಿ ಎಲ್ಲರೂ ನೀರು ಬಳಸೋವಾಗ ಪೂರ್ತಿ ತೆರೆದಿರತ್ತೆ, ಸದ್ದಿಲ್ಲ. ನಾನು ಅವನಿಗೆ ಸುಳ್ಳು ಹೇಳ್ದೆ. ಚೆಂಡು ಬದಲಾಯಿಸೇ ಇಲ್ಲ ಅಂದೆ."

"ಮೂರು ವಾರ," ಎಂದಳು ಸುಹೈಲಾ. ಅಷ್ಟೇ ಹೇಳಿದಳು. ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಬೈದದ್ದು ಅಕ್ಕ. "ನಾನು ನೀರು ಕದ್ದೆ. ನೀನು ಅವಳ ನಿದ್ದೆ ಕದ್ದೆ. ಹಳೇದು ಎಲ್ಲಿದೆ?"

ನನ್ನ ಕೋಣೆಯಲ್ಲಿತ್ತು. ಹಿತ್ತಾಳೆ ಚೆಂಡನ್ನು ವಾಲ್ವಿನ ಸಮೇತ ಉಜ್ಜಿ ಹೊಳಪು ಮಾಡಿ, ಟಗ್ ದೋಣಿಯ ಎಂಜಿನ್ನಿನ ಭಾಗ ಎಂದು ಬಂದವರಿಗೆ ತೋರಿಸುತ್ತ ಕಿಟಕಿಯಲ್ಲಿ ಇಟ್ಟುಕೊಂಡಿದ್ದೆ. ಅಂದೇ ಬೆಳಕಿರುವಾಗಲೇ ಅಟ್ಟ ಹತ್ತಿದೆ. ಮಜ್ಲಾನ್ ಕೆಳಗಿನಿಂದ ಏಣಿ ಹಿಡಿದ. ಬೀದಿಯಿಂದ ಬರುವ ನೀರನ್ನು ಮುಚ್ಚಿ, ನೀಲಿ ಚೆಂಡನ್ನು ಬಿಚ್ಚಿ, ಹಳೆಯದನ್ನು ಹೊಸ ವಾಷರು ಹಾಕಿ ಕೂರಿಸಿದೆ. ಲುಂಗಿಗಳನ್ನು ಕಿತ್ತು ಪೈಪನ್ನು ತೊಲೆಗೆ ಆರು ಕ್ಲಿಪ್ಪುಗಳಿಂದ ಬಿಗಿದೆ. ಬೀದಿಯ ನೀರನ್ನು ತೆರೆಯುವಾಗ ಮೊದಲಿಗಿಂತ ಅರ್ಧ ಸುತ್ತು ಕಡಿಮೆ ತೆರೆದೆ, ರಭಸ ತಗ್ಗಲಿ ಎಂದು. ಎರಡು ಗಂಟೆ ಹಿಡಿಯಿತು. ಎರಡು ಗಂಟೆಯೇ.

ಶನಿವಾರದ ಪಾಠದಲ್ಲಿ ಮಾಕ್ ಗುರುಗಳಮ್ಮನನ್ನು ಕೇಳಿದಳಂತೆ, ನಮ್ಮ ಬೀದಿಯಲ್ಲಿ ಒಬ್ಬ ಹೆಂಗಸು ಇದ್ದಾಳೆ, ತೊಟ್ಟು ನೀರು ಹಿಡಿಯುತ್ತಾಳೆ, ಅವಳು ಏನು ಮಾಡಬೇಕು ಎಂದು. ಗುರುಗಳಮ್ಮ, ಇನ್ನು ಮೇಲೆ ನಲ್ಲಿಯನ್ನು ಪೂರ್ತಿ ತೆರೆಯಲಿ, ಹಳೆಯದಕ್ಕೆ ಕ್ಷಮೆ ಕೇಳಲಿ, ಕೈಲಾದಷ್ಟು ತುಂಬಿಕೊಡಲಿ ಎಂದರಂತೆ. ತರಗತಿಯ ಹದಿನಾಲ್ಕು ಹೆಂಗಸರಲ್ಲಿ ಹನ್ನೆರಡು ಜನ ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಈ ಲೆಕ್ಕ ಅಕ್ಕ ಹೇಳಿದ್ದು, ನನ್ನದಲ್ಲ.

ಅಂದು ಸಂಜೆ ಅವಳು ಗುಡಾಣದ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಭೋರೆಂದು ನೀರು ಬಿತ್ತು. ಗೇಟಿನ ಪಕ್ಕದ ಮೀಟರಿನ ಮುಚ್ಚಳ ಎತ್ತಿ, ತಲೆವಸ್ತ್ರದ ಅಂಚು ಹಿಡಿದು ಬಗ್ಗಿ ನಿಂತು, ಕೆಂಪು ಮುಳ್ಳು ಸುತ್ತುವುದನ್ನು ಗುಡಾಣ ತುಂಬುವ ತನಕ ನೋಡಿದಳು.

"ಏನು ನೋಡ್ತೀರಾ ಮಾಕ್?" ಎಂದ ಮಜ್ಲಾನ್.

"ನಿಮ್ಮಪ್ಪ ಓದ್ತಿದ್ರಲ್ಲ. ಒಂದ್ಸಲ ನಾನೂ ಓದೋಣ ಅಂತ."

ಮೇಟ್ರನ್ ಕೊಟ್ಟ ಆರು ವಾರದಲ್ಲಿ ಇನ್ನೂ ಎರಡು ಉಳಿದಿದ್ದವು. ಆ ಎರಡು ವಾರ ನಮ್ಮ ಮನೆಯಲ್ಲಿ ಒಂಬತ್ತರಿಂದ ಮೂರರವರೆಗೆ ಒಂದು ಚಮಚವೂ ಕೆಳಗೆ ಬೀಳಲಿಲ್ಲ. ಒಂದು ದಿನ ನಾನು ಬಾಣಲೆ ಬೀಳಿಸಿದಾಗ ಮಾಕ್ ಸೌಟು ಎತ್ತಿಕೊಂಡು ಹಿತ್ತಲ ತನಕ ಅಟ್ಟಿಸಿಕೊಂಡು ಬಂದಳು, ಬರಿಗಾಲಲ್ಲಿ, ಪಿಸುಮಾತಿನಲ್ಲಿ ಬೈಯುತ್ತ. ಬುಡು ಬಾಟಲಿ ಅಡುಗೆಮನೆಯೊಳಗೆ ಬಂತು. ಕಿಟಕಿಯ ಹತ್ತಿರದ ಗೂಡಿನಲ್ಲೇ ಇಟ್ಟಳು, ಆದರೂ ಒಳಗೆ.

ಮೇಟ್ರನ್ ಕೊಟ್ಟ ಗಡುವು ಮುಗಿದ ಬೆಳಿಗ್ಗೆ ಸುಹೈಲಾ ಬಂದು ಗುಡಾಣದ ಬಳಿ ಕಾಲು ತೊಳೆದಳು. ಮಾಕ್ ಬಾಗಿಲಲ್ಲಿ ನಿಂತಿದ್ದಳು.

"ವಾರ್ಡಲ್ಲೇ ಇರ್ತೀನಿ," ಎಂದಳು ಸುಹೈಲಾ.

"ಊಟ ಮಾಡಿ ಮಲಗು," ಎಂದಳು ಮಾಕ್.

ಫ್ರಿಜ್ಜಿನ ಬಾಗಿಲಿನ ಹಾಳೆಯನ್ನು ಅಂದು ತೆಗೆಯಹೋದಾಗ ಕಂಡೆ. ಸುಹೈಲಾ ಬರೆಯುವುದನ್ನು ನಿಲ್ಲಿಸಿದ ಜಾಗದ ಕೆಳಗೆ, ಇನ್ನೊಂದು ಕೈ ಅರಬ್ಬಿ ಅಕ್ಷರಗಳ ಹಳೆಯ ಜಾವಿ ಲಿಪಿಯಲ್ಲಿ ಸಾಲು ಸಾಲಾಗಿ ಬರೆದಿತ್ತು. ದಿನಕ್ಕೊಂದು ಸಾಲು, ಹದಿನೈದು ದಿನ. ಅಕ್ಕನಿಗೆ ಬರುವುದು ಅದೊಂದೇ ಲಿಪಿ. ಹದಿನೈದು ಸಾಲೂ ಒಂದೇ: ಸದ್ದಿಲ್ಲ, ಮಲಗಿದ್ದಾಳೆ.

ಹಾಳೆಯನ್ನು ಅಲ್ಲೇ ಬಿಟ್ಟೆ.